ಪಂಡರಿಬಾಯಿ: ಸಹನೆಯ ಮುದ್ರೆಯಾಚೆಗೆ

ಪಂಡರಿಬಾಯಿಯವರ ಪ್ರಸ್ತಾಪ ಬಂದಾಗ ನಾವು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ: 'ಬೇಡರ ಕಣ್ಣಪ್ಪ' (1954) ಚಿತ್ರದಲ್ಲಿ ರಾಜಕುಮಾರರ ಮೊದಲ ನಾಯಕಿ. ತಮಿಳರದೂ ಇದೇ ರೂಢಿ. 'ಪರಾಶಕ್ತಿ' (1952) ಚಿತ್ರದಲ್ಲಿ ಶಿವಾಜಿ ಗಣೇಶನ್ ಅವರ ಮೊದಲ ನಾಯಕಿ ಎಂದು ಸ್ಮರಿಸುತ್ತಾರೆ. ಎರಡು ಮಾತೂ ನಿಜವೇ. ಆದರೆ ಎರಡರಲ್ಲಿಯೂ ಆಕೆಯನ್ನು ಅಳೆದಿರುವುದು ಪಕ್ಕದಲ್ಲಿ ನಿಂತ ನಾಯಕನ ಎತ್ತರದಿಂದ.

ಭಟ್ಕಳದಲ್ಲಿ ಜನಿಸಿದ ಪಂಡರಿಬಾಯಿಯವರು ಹರಿಕಥೆಯ ಹಿನ್ನೆಲೆಯಿಂದ ಬಂದು, 1943ರ 'ವಾಣಿ'ಯ ಮೂಲಕ ಚಿತ್ರರಂಗ ಪ್ರವೇಶಿಸಿದರು. ಹರಿಕಥೆ ಮಾಡುವವರಿಗೆ ಮಾತಿನ ತೂಕ ತಿಳಿದಿರಬೇಕು. ಎಲ್ಲಿ ತಡೆಯಬೇಕು, ಎಲ್ಲಿ ಇಳಿಸಬೇಕೆಂಬ ಅರಿವಿರಬೇಕು. ರಂಗಭೂಮಿಯ ಅಬ್ಬರ ತೆರೆಯನ್ನು ಇನ್ನೂ ಆಳುತ್ತಿದ್ದ ದಿನಗಳಲ್ಲಿ ಅವರು ತಗ್ಗಿದ ದನಿಯಲ್ಲಿ ನುಡಿದರು. ಕಣ್ಣಪ್ಪನ ಮಡದಿ ನೀಲೆಯ ದುಃಖ ನಮ್ಮನ್ನು ತಟ್ಟುವುದು ಈ ಸಂಯಮದಿಂದಲೇ.

ಇದೇ ಸಂಯಮವನ್ನು ಚಿತ್ರೋದ್ಯಮವು ಬಲುಬೇಗ 'ಸಹನೆ' ಎಂದು ಓದಿಕೊಂಡಿತು. 1969ರ 'ದೈವಮಗನ್' ಚಿತ್ರದಲ್ಲಿ ಅವರು ಶಿವಾಜಿಯವರ ತ್ರಿಪಾತ್ರಗಳಲ್ಲಿ ಒಂದಕ್ಕೆ ಪತ್ನಿ, ಉಳಿದೆರಡಕ್ಕೆ ತಾಯಿ. ಹೆಚ್ಚುಕಡಿಮೆ ಸಮವಯಸ್ಕನಾದ ನಟ ತರುಣನಾಗಿಯೇ ಉಳಿದ. ನಟಿ ಮಾತ್ರ ತಾಯಿಯಾದಳು. ಇದನ್ನು ನಾವು ಆಕೆಯ 'ಮಾತೃಹೃದಯ'ವೆಂದು ಕೊಂಡಾಡುವುದಕ್ಕಿಂತ ಉದ್ಯಮದ ಅನ್ಯಾಯವೆಂದು ಕರೆಯುವುದು ಲೇಸು.

ಏಕೆಂದರೆ ಆಕೆಯ ಶಕ್ತಿಗೆ ಬೇರೊಂದು ಸಾಕ್ಷ್ಯವಿದೆ. ಎಸ್. ಬಾಲಚಂದರ್ ನಿರ್ದೇಶನದ, ಒಂದೂ ಹಾಡಿಲ್ಲದ 'ಅಂದ ನಾಳ್' (1954) ಚಿತ್ರದಲ್ಲಿ ಉಷಾಳ ಪತಿ ಯುದ್ಧಕಾಲದಲ್ಲಿ ಶತ್ರುವಿಗೆ ನೆರವಾದ ದೇಶದ್ರೋಹಿ. ಕೊನೆಗೆ ಅವನನ್ನು ಕೊಲ್ಲುವ ಗುಂಡು ಹಾರುವುದು ಆಕೆಯ ಕೈಯಿಂದಲೇ. ನೀಲೆಯಾಗಿ ಗಂಡನ ಕಷ್ಟದಲ್ಲಿ ಪಾಲುಗೊಂಡ ವರ್ಷವೇ ಅವರು ಉಷಾ ಆಗಿ ಗಂಡನ ತಪ್ಪಿಗೆ ತೀರ್ಪುಗಾರ್ತಿಯೂ ಆದರು. ಎರಡರಲ್ಲಿಯೂ ಅದೇ ತಗ್ಗಿದ ದನಿ, ಅದೇ ಸ್ಥಿರ ನೋಟ. ಹಾಗಾದರೆ ಆ ಶಾಂತ ಮುಖದಲ್ಲಿದ್ದುದು ಬರಿಯ ಸಹನೆಯಲ್ಲ, ವಿವೇಚನೆ.

ಮುಂದೆ ಅವರು ತಮ್ಮವರೊಡನೆ ನಿರ್ಮಾಣಕ್ಕಿಳಿದು 'ಸಂತ ಸಖು' (1955), 'ರಾಯರ ಸೊಸೆ' (1957) ಚಿತ್ರಗಳನ್ನು ಕೊಟ್ಟರು. ಒಂದು ಪುರಾಣಸದೃಶ ಭಕ್ತಿಕಥೆ, ಇನ್ನೊಂದು ಸಾಮಾಜಿಕ. ಎರಡರ ಹೃದಯದಲ್ಲಿಯೂ ಸೊಸೆಯ ಸಂಕಟವೇ ಇದೆ. ಪಂಢರಪುರವನ್ನು ಸ್ವಂತ ಜಿಲ್ಲೆಯಲ್ಲಿಟ್ಟುಕೊಂಡಿರುವ ಸೋಲಾಪುರದ ಕನ್ನಡಿಗರಾದ ನಮಗೆ ಸಖುವಿನ ಕಥೆ ಅಪರಿಚಿತವಲ್ಲ. ಮನೆಗೆಲಸಕ್ಕೆ ವಿಠ್ಠಲನೇ ಸೊಸೆಯ ರೂಪದಲ್ಲಿ ಬಂದನೆಂಬಲ್ಲಿ ನಾವು ಭಕ್ತಿಯನ್ನು ಕಾಣುತ್ತೇವೆ. ದೇವರೇ ಬರಬೇಕಾದಷ್ಟು ಭಾರ ಆ ಹೆಗಲ ಮೇಲಿತ್ತೆಂಬುದನ್ನು ಮರೆಯುತ್ತೇವೆ.

2003ರಲ್ಲಿ ಚೆನ್ನೈಯಲ್ಲಿ ನಿಧನರಾದ ಈ ಕಲಾವಿದೆಯನ್ನು ಕನ್ನಡವೂ ತಮಿಳೂ ತಮ್ಮ ತಮ್ಮ ಅರ್ಧದಷ್ಟೇ ಬಲ್ಲವು. ಎರಡು ನುಡಿಗಳ ನಡುವೆ ಬಾಳುವ ಗಡಿನಾಡಿನ ನಾವಾದರೂ 'ಬೇಡರ ಕಣ್ಣಪ್ಪ', 'ಅಂದ ನಾಳ್' ಎರಡನ್ನೂ ಒಟ್ಟಿಗಿಟ್ಟು ನೋಡಬೇಕು. ಆಗ ಪಂಡರಿಬಾಯಿಯವರು ಯಾರದೋ ಮೊದಲ ನಾಯಕಿಯಾಗಿ ಅಲ್ಲ, ಮೊದಲ ಪಂಕ್ತಿಯ ನಟಿಯಾಗಿ ನಮಗೆ ದಕ್ಕುತ್ತಾರೆ.