ಓದಲು ಬರೆದ ಭಾಷಣ

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಭಾಷಣವನ್ನು ಮೆಚ್ಚುವವರು ಹೆಚ್ಚಾಗಿ ಅದನ್ನು ಪುಸ್ತಿಕೆಯಲ್ಲಿ ಓದಿದವರು. ಪೆಂಡಾಲಿನಲ್ಲಿ ಕೂತು ಕೇಳಿದವರು ಸುಮ್ಮನಿರುತ್ತಾರೆ. 1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರಿಂದ ಮೊದಲಾದ ಈ ಸಾಲಿನಲ್ಲಿ ಬಿ.ಎಂ.ಶ್ರೀ., ಮಾಸ್ತಿ, ಡಿವಿಜಿ, ಬೇಂದ್ರೆ, ಕಾರಂತರಂಥವರಿದ್ದಾರೆ. ಗದ್ಯವಾಗಿ ಈ ಭಾಷಣಗಳ ಬಗ್ಗೆ ನನಗೆ ತಕರಾರಿಲ್ಲ. ಇಂದಿನ ವೇದಿಕೆಯಲ್ಲಿ ಅವು ಮಾತಾಗುತ್ತಿವೆಯೇ ಎಂಬುದಷ್ಟೇ ಪ್ರಶ್ನೆ.

ಮೊದಲ ದಿನದ ಕಲಾಪವನ್ನೇ ನೋಡಿ. ಧ್ವಜಾರೋಹಣ, ಸಾರೋಟಿನಲ್ಲಿ ಮೆರವಣಿಗೆ, ನಾಡಗೀತೆ, ಸ್ವಾಗತ, ಹಾರ ತುರಾಯಿ, ಪುಸ್ತಕ ಬಿಡುಗಡೆ, ಉದ್ಘಾಟಕರ ಮಾತು. ಬಂದ ಪ್ರತಿಯೊಬ್ಬರೂ ವೇದಿಕೆಯ ಮೇಲಿರುವ ಗಣ್ಯರ ಹೆಸರನ್ನು ಮೊದಲಿನಿಂದ ಕೊನೆಯವರೆಗೆ ಹೇಳಲೇಬೇಕು; ಒಬ್ಬರು ಬಿಟ್ಟುಹೋದರೆ ಹಿಂದಿನಿಂದ ಚೀಟಿ ಬರುತ್ತದೆ. ಅಧ್ಯಕ್ಷರು ಮೈಕಿನ ಮುಂದೆ ನಿಲ್ಲುವ ಹೊತ್ತಿಗೆ ಮಂತ್ರಿಗಳು ಹೊರಟಿರುತ್ತಾರೆ, ಅವರ ಹಿಂದೆಯೇ ಕ್ಯಾಮೆರಾಗಳು. ಊಟದ ಸಾಲು ಬೆಳೆದಿರುತ್ತದೆ. ಕೈಯಲ್ಲಿ ಹತ್ತಾರು ಪುಟ. ಒಂದಷ್ಟು ಓದಿ, ಒಂದಷ್ಟು ಹಾರಿಸಿ, ಉಳಿದದ್ದನ್ನು ಪುಸ್ತಿಕೆಯಲ್ಲಿ ನೋಡಿಕೊಳ್ಳಿ ಎನ್ನುವುದೇ ದಾರಿ.

ದೋಷವೆಲ್ಲ ಗಡಿಯಾರದ್ದಲ್ಲ. ಗಡಿ, ನದಿನೀರು, ಶಿಕ್ಷಣ ಮಾಧ್ಯಮ, ಉದ್ಯೋಗ, ಮುಚ್ಚುತ್ತಿರುವ ಕನ್ನಡ ಶಾಲೆ: ಇವುಗಳಲ್ಲಿ ಒಂದನ್ನು ಬಿಟ್ಟರೂ ಮರುದಿನ ಯಾರಾದರೂ ಕೇಳುತ್ತಾರೆ. ಆದ್ದರಿಂದ ಎಲ್ಲವೂ ಇರುತ್ತದೆ, ಒಂದೊಂದಕ್ಕೆ ಒಂದೊಂದು ಪುಟ. ಭಾಷಣ ಸರ್ಕಾರಕ್ಕೆ ಸಲ್ಲಿಸುವ ಮನವಿಪತ್ರವಾಗಿ, ಎದುರಿಗೆ ಕೂತ ಸಾವಿರಾರು ಜನ ಅದಕ್ಕೆ ಬರೀ ಸಾಕ್ಷಿಗಳಾಗುತ್ತಾರೆ.

ಮಾತಿನ ಕಸುಬು ಕನ್ನಡದಲ್ಲಿ ಬಡವಾಗಿದೆ ಎಂದೇನೂ ಅಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೈಯಲ್ಲಿ ಚೀಟಿಯೂ ಇಲ್ಲ. ಭಾಗವತರು ಪದ ಹೇಳಿ ನಿಲ್ಲಿಸಿದರೆ ಅರ್ಥಧಾರಿ ಆ ಕ್ಷಣಕ್ಕೆ ಮಾತು ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ರಾತ್ರಿಯೆಲ್ಲ ಕೂರುತ್ತಿದ್ದರು. ವಿದ್ವತ್ತು ಇತ್ತು, ಕಂಠವೂ ಇತ್ತು. ಆದರೆ ಅಲ್ಲಿನ ಗುಟ್ಟು, ಎದುರಿಗೆ ರಾಮನ ಅರ್ಥ ಹೇಳುವವನೊಬ್ಬ ಉತ್ತರ ಕೊಡಲು ಕಾದಿರುತ್ತಾನೆ ಎಂಬುದು. ಸಡಿಲವಾದ ವಾದವನ್ನು ಅವನು ಅಲ್ಲೇ ಹಿಡಿಯುತ್ತಾನೆ. ಸಭೆಯ ಭಾಷಣಕಾರನಿಗೆ ಆ ಹೆದರಿಕೆಯೇ ಇಲ್ಲ. ಅವನು ಏನು ಹೇಳಿದರೂ ಕೊನೆಗೆ ಚಪ್ಪಾಳೆ, ಶಾಲು, ಹಣ್ಣಿನ ಬುಟ್ಟಿ. (ವಂದನಾರ್ಪಣೆಯವನೇ ವಾಸಿ; ಸಭಿಕರ ಹಸಿವು ಅವನಿಗೆ ಸಂಕ್ಷೇಪ ಕಲಿಸಿರುತ್ತದೆ.)

ಹಾಗೆಂದು ಬರೆದು ತಂದದ್ದೇ ತಪ್ಪೆನ್ನಲಾರೆ. 1974ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ಕುವೆಂಪು ಮಾಡಿದ ‘ವಿಚಾರಕ್ರಾಂತಿಗೆ ಆಹ್ವಾನ’ವೂ ಬರೆದ ಭಾಷಣವೇ. ಘಟಿಕೋತ್ಸವವೆಂದರೆ ಪದವೀಧರರಿಗೆ ಶುಭ ಕೋರಿ ಕೂರುವ ಸಂದರ್ಭ. ಅಲ್ಲಿ ಅವರು ಮತಮೌಢ್ಯದ ವಿರುದ್ಧ ನಿಂತು, ತರುಣರ ಬುದ್ಧಿಗೇ ನೇರವಾಗಿ ಮಾತು ಹಾಕಿದರು. ಒಪ್ಪದವರು ಸಿಟ್ಟಾಗುವುದಕ್ಕೂ ಅದರಲ್ಲಿ ಜಾಗವಿತ್ತು. ಎದುರಾಳಿಯಿಲ್ಲದ ವೇದಿಕೆಯಲ್ಲಿ ಎದುರಾಳಿಯನ್ನು ಕಲ್ಪಿಸಿಕೊಂಡು ಮಾತಾಡುವ ಈ ಗುಣ ಸಮ್ಮೇಳನದ ಭಾಷಣಗಳಲ್ಲಿ ನನಗೆ ಅಪರೂಪಕ್ಕೆ ಸಿಕ್ಕಿದೆ.

ಪುಸ್ತಿಕೆ ಎಷ್ಟಾದರೂ ದಪ್ಪವಿರಲಿ, ಬಾಗಿಲಲ್ಲೇ ಹಂಚಲಿ. ವೇದಿಕೆಯಲ್ಲಿ ಅಧ್ಯಕ್ಷರು ಒಂದೇ ವಿಷಯ ಹಿಡಿದು 20 ನಿಮಿಷ ಮಾತಾಡಲಿ, ಅದೂ ಉದ್ಘಾಟಕರಿಗಿಂತ ಮೊದಲು. ಸಾಹಿತ್ಯ ಪರಿಷತ್ತು ಇದಕ್ಕೆ ಒಪ್ಪಿದರೂ ಮಂತ್ರಿಗಳ ಆಪ್ತ ಕಾರ್ಯದರ್ಶಿಗಳು ಒಪ್ಪುವುದು ಅನುಮಾನ.