ದುಂಡಗೆ ಬರೆದದ್ದು ಮೊಟ್ಟೆಯಾದಾಗ

ಚಳ್ಳಕೆರೆಯಲ್ಲಿ ಪದವಿ ಓದುತ್ತಿರುವ ಹುಡುಗಿಯೊಬ್ಬಳು ನವಿಲಿನ ಚಿತ್ರ ಕಳಿಸಿದ್ದಳು. ಲ್ಯಾಪ್‌ಟಾಪಿಗೆ ಪುಟ್ಟ ಡ್ರಾಯಿಂಗ್ ಟ್ಯಾಬ್ಲೆಟ್ ಜೋಡಿಸಿಕೊಂಡು, ಆನ್‌ಲೈನ್ ಪಾಠ ನೋಡಿ ಬರೆದದ್ದು. ಕತ್ತಿನ ಬಳುಕು ಚೆಂದವಿತ್ತು. ಗರಿಯ ಕಣ್ಣುಗಳು ಮಾತ್ರ ಅಡ್ಡಕ್ಕೆ ಹಿಗ್ಗಿದ್ದವು. "ಸಾರ್, ಕೈಯಲ್ಲಿ ಗುಂಡಗೇ ಬರೀತೀನಿ, ಪರದೆ ಮೇಲೆ ಹಿಂಗಾಗ್ತದೆ. ಎಷ್ಟು ವಿಡಿಯೊ ನೋಡಿದ್ರೂ ಗೊತ್ತಾಗ್ಲಿಲ್ಲ" ಎಂದಳು.

ತಪ್ಪು ಅವಳ ಕೈಯದಲ್ಲ. ಟ್ಯಾಬ್ಲೆಟ್ಟಿನ ಹಲಗೆ 6 ಇಂಚು ಅಗಲ, 4 ಇಂಚು ಎತ್ತರ; ಲ್ಯಾಪ್‌ಟಾಪಿನ ಪರದೆ 16ಕ್ಕೆ 9ರ ಅಳತೆಯದು. ಇಡೀ ಹಲಗೆಯನ್ನು ಇಡೀ ಪರದೆಗೆ ಹೊಂದಿಸಿದರೆ ದುಂಡಗಿನದು ಅಡ್ಡ ಮೊಟ್ಟೆಯಾಗದೆ ಗತಿಯಿಲ್ಲ. ಟ್ಯಾಬ್ಲೆಟ್ಟಿನ ಸೆಟ್ಟಿಂಗಿನಲ್ಲಿ ಅನುಪಾತ ಕಾಯುವ ಆಯ್ಕೆಯನ್ನು ಒತ್ತಿದರೆ ಮುಗಿಯಿತು. ಆದರೆ ಪಕ್ಕದಲ್ಲಿ ಕೂತು ಅದನ್ನು ಹೇಳುವವರು ಯಾರೂ ಇರಲಿಲ್ಲ. ಆನ್‌ಲೈನ್ ಕಲಿಕೆಯ ದೊಡ್ಡ ಕೊರತೆ ಇದೇ ಎಂದು ನನಗನ್ನಿಸುತ್ತದೆ. ಕಲಿಸುವವರ ಕೈ ನಮಗೆ ಕಾಣುತ್ತದೆ, ನಮ್ಮ ಕೈ ಅವರಿಗೆ ಕಾಣುವುದಿಲ್ಲ.

ಪಕ್ಕದಲ್ಲಿ ಕೂತು ಹೇಳುವವರು ಸಿಗಲೆಂದು ಅವಳನ್ನೂ ಅವಳ ತಂದೆಯನ್ನೂ ಮೊಳಕಾಲ್ಮೂರಿಗೆ ಕರೆದುಕೊಂಡು ಹೋದೆ. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ರೇಷ್ಮೆ ಸೀರೆಯ ಊರು ಅದು. ಸೀರೆಗೆ ನಕ್ಷೆ ಬರೆಯುವ ಹಿರಿಯರೊಬ್ಬರು ಗ್ರಾಫ್ ಹಾಳೆ ಹರವಿಕೊಂಡು, ಕೆಂಪು ಪೆನ್ಸಿಲಿನಲ್ಲಿ ಮಾವಿನಕಾಯಿ ಬುಟ್ಟಾದ ಒಂದೊಂದೇ ಮನೆ ತುಂಬುತ್ತಿದ್ದರು. ಉದ್ದ ಗೆರೆಗಳ ನಡುವಿನ ಸಾಲು ಹಾಸಿನ ಎಳೆ. ಅಡ್ಡ ಸಾಲು ಹೊಕ್ಕಿನದು. ಒಂದು ಅಡ್ಡ ಸಾಲಿಗೆ ಒಂದು ಕಾರ್ಡ್. ತುಂಬಿದ ಮನೆ ಕಾರ್ಡಿನಲ್ಲಿ ತೂತಾಗುತ್ತದೆ, ತೂತಿದ್ದ ಕಡೆ ಮಗ್ಗದ ಜಕಾರ್ಡ್ ಯಂತ್ರದ ಕೊಕ್ಕೆ ಹಾಸಿನ ಎಳೆಯನ್ನು ಎತ್ತುತ್ತದೆ. ಲಿಯಾನ್ ಪಟ್ಟಣದ ಜಕಾರ್ಡ್ ಎಂಬಾತ 1804ರಲ್ಲಿ ರೂಪಿಸಿದ ಈ ಏರ್ಪಾಡಿನಲ್ಲಿ ಮನೆ ತುಂಬಿರಬೇಕು, ಇಲ್ಲವೇ ಖಾಲಿ ಇರಬೇಕು. ನಾವಿಂದು ಪಿಕ್ಸೆಲ್ ಎಂದು ಕರೆಯುವುದು ಇವರ ಹಾಳೆಯಲ್ಲಿ ಎಂದಿನಿಂದಲೋ ಇದೆ.

ಹುಡುಗಿ ತನ್ನ ನವಿಲುಗಣ್ಣು ತೋರಿಸಿದಳು. ಅವರು ನೋಡಿ, "ಮಗ್ಗದ ಮೇಲೂ ಹಿಂಗೇ ಆಗ್ತದಮ್ಮ, ಅಲ್ಲಿ ಉದ್ದಕ್ಕೆ ಎಳೀತದೆ" ಎಂದರು. ಲೆಕ್ಕವನ್ನೂ ಹೇಳಿದರು. ಇಂಚಿಗೆ ಹಾಸು 80 ಎಳೆ, ಹೊಕ್ಕು 60 ಎಳೆ ಇದ್ದರೆ, ಗ್ರಾಫಿನಲ್ಲಿ 40 ಮನೆ ಅಗಲ, 40 ಮನೆ ಎತ್ತರ ಬರೆದ ದುಂಡು ಬಟ್ಟೆಯ ಮೇಲೆ ಅರ್ಧ ಇಂಚು ಅಗಲಕ್ಕೆ ನಿಂತು, ಎತ್ತರದಲ್ಲಿ ಇಂಚಿನ ಮೂರರಲ್ಲಿ ಎರಡು ಪಾಲಿಗೆ ಹೋಗುತ್ತದೆ. ದುಂಡಗೇ ಕಾಣಬೇಕಾದರೆ ಎತ್ತರಕ್ಕೆ 30 ಮನೆ ಸಾಕು.

ಅವಳ ಮುಖ ಅರಳಿದ್ದನ್ನು ನಾನು ಮರೆಯಲಾರೆ.

ಅಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಕ್ರಿಟಾ ತೆರೆದೆವು. ಚಿತ್ರ ಬರೆಯಲು ಕಾಸು ಕೊಡದೆ ಸಿಗುವ ತಂತ್ರಾಂಶ. ಸ್ವೀಡಿಷ್ ಭಾಷೆಯಲ್ಲಿ ಆ ಹೆಸರಿಗೆ ಸೀಮೆಸುಣ್ಣ ಎಂಬ ಅರ್ಥವಿದೆ. ಚೌಕಳಿಯ ಒಂದೊಂದು ಮನೆಯನ್ನು ಅಡ್ಡಕ್ಕೆ 30, ಉದ್ದಕ್ಕೆ 40 ಪಿಕ್ಸೆಲ್ ಮಾಡಿದರೆ ಪರದೆಯ ಮನೆಗಳು ಆ ಬಟ್ಟೆಯ ಲೆಕ್ಕಕ್ಕೇ ಬರುತ್ತವೆ. ಡಬ್ಲ್ಯೂ ಕೀಲಿ ಒತ್ತಿದರೆ ಬರೆದ ಬುಟ್ಟಾ ನಾಲ್ಕೂ ದಿಕ್ಕಿಗೆ ಮರುಕಳಿಸುತ್ತದೆ. ಸೀರೆಯ ಒಡಲು ತುಂಬಿದಾಗ ಹೇಗೆ ಕಾಣುತ್ತದೆಂಬುದು ಆಗಲೇ ಗೊತ್ತಾಗುತ್ತದೆ. ಹಿರಿಯರು ಕನ್ನಡಕ ಸರಿಮಾಡಿಕೊಂಡು ಇದನ್ನು ಎರಡೆರಡು ಸಲ ಒತ್ತಿಸಿ ನೋಡಿದರು.

ನಡುಗುವ ಗೆರೆಯನ್ನು ನಯಮಾಡುವ ಸ್ಟೆಬಿಲೈಸರ್ ಕೂಡ ಕ್ರಿಟಾದಲ್ಲಿದೆ. ಕಲಿಯುವ ಮೊದಲ ತಿಂಗಳುಗಳಲ್ಲಿ ಅದನ್ನು ಮುಟ್ಟಬೇಡಿ ಎಂದೇ ಹೇಳುತ್ತೇನೆ. ಮಣಿಕಟ್ಟಿನಿಂದ ಎಳೆದ ಗೆರೆ ನಡುಗುತ್ತದೆ, ಭುಜದಿಂದ ಎಳೆದದ್ದು ಹರಿಯುತ್ತದೆ. ಯಂತ್ರ ನಯಮಾಡಿಬಿಟ್ಟರೆ ಈ ವ್ಯತ್ಯಾಸ ಕಲಿಯುವವರಿಗೆ ತಿಳಿಯುವುದೇ ಇಲ್ಲ. ಅನ್‌ಡೂ ವಿಷಯದಲ್ಲೂ ನನಗೆ ಇದೇ ಆತಂಕ. ಕಾರ್ಡಿಗೆ ತೂತು ಹೊಡೆಯುವವರಿಗೆ ಅನ್‌ಡೂ ಇಲ್ಲ; ಅವರು ಮನೆ ಎಣಿಸಿಯೇ ಕೈ ಹಾಕುತ್ತಾರೆ.

ಮೊನ್ನೆ ಅವಳು ಹೊಸ ಚಿತ್ರ ಕಳಿಸಿದಳು: 40 ಮನೆ ಅಗಲ, 30 ಮನೆ ಎತ್ತರದ ನವಿಲುಗಣ್ಣು, ದುಂಡಗೆ. ಮುದ್ರಿಸಿ ಹಿರಿಯರಿಗೆ ತೋರಿಸಿಕೊಂಡು ಬಂದಿದ್ದಾಳೆ. ಹನ್ನೊಂದನೇ ಸಾಲಿನಲ್ಲಿ ಉದ್ದಕ್ಕೆ ತುಂಬಿದ ಮನೆಗಳ ನಡುವೆ ಒಂದು ಮನೆಗೆ ಅವರು ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ, ಪಕ್ಕದಲ್ಲಿ ಬರೆದಿದ್ದಾರೆ: "ಇಲ್ಲಿ ಖಾಲಿ ಬಿಡು, ಇಲ್ಲಾಂದ್ರೆ ಕಟ್ಟಿಲ್ದೆ ಎಳೆ ತೇಲ್ತದೆ."