ಕಂಡವರ ಹೊಣೆ: ಚಲನಚಿತ್ರೋತ್ಸವದ ತೀರ್ಪು ಮತ್ತು ಧರ್ಮಸಭೆಯ ಕಣ್ಣು

ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ 16ನೇ ಆವೃತ್ತಿ 2025ರ ಮಾರ್ಚ್ 1ರಿಂದ 8ರವರೆಗೆ ನಡೆಯಿತು. ಯಶವಂತಪುರಕ್ಕೆ ಸಮೀಪದ ಒರಾಯನ್ ಮಾಲ್ ಅದರ ಮುಖ್ಯ ತಾಣವಾಗಿತ್ತು. ಎಲ್ಲ ಜನಾಂಗಗಳೂ ಶಾಂತಿಯಿಂದ ಬಾಳಬೇಕೆಂಬ ನಾಡಗೀತೆಯ ಆಶಯವೇ ಆ ವರ್ಷದ ಧ್ಯೇಯವಾಗಿತ್ತು. ಏಷ್ಯಾದ ಚಿತ್ರಗಳಿಗೆ, ಭಾರತೀಯ ಚಿತ್ರಗಳಿಗೆ, ಕನ್ನಡ ಚಿತ್ರಗಳಿಗೆ ಬೇರೆ ಬೇರೆ ಸ್ಪರ್ಧೆಗಳು ಇಲ್ಲಿ ನಡೆಯುತ್ತವೆ. ಮಲ್ಲೇಶ್ವರದ ಸಂತ ಪೇತ್ರರ ಗುರುಮಠಕ್ಕೆ ಈ ತಾಣ ದೂರವೇನಲ್ಲ. ಆದರೂ ಉತ್ಸವದ ಆಯ್ಕೆ ಮತ್ತು ಪ್ರಶಸ್ತಿಗಳು ದೈವಶಾಸ್ತ್ರದ ಚರ್ಚೆಗೆ ತಕ್ಕ ವಿಷಯವೆಂದು ನಾವು ಭಾವಿಸಿದಂತಿಲ್ಲ.

ಇದಕ್ಕೆ ಕಾರಣ ನಮ್ಮ ಹಳೆಯ ಅಭ್ಯಾಸದಲ್ಲಿದೆ. 1936ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಹೊರಡಿಸಿದ 'ವಿಜಿಲಾಂಟಿ ಕುರಾ' ವಿಶ್ವಪತ್ರವು ಚಲನಚಿತ್ರದ ಪ್ರಭಾವವನ್ನು ಗಂಭೀರವಾಗಿ ಪರಿಗಣಿಸಿತು. ಆದರೆ ಅದರ ಮುಖ್ಯ ಕಾಳಜಿ ವಿಶ್ವಾಸಿಗಳನ್ನು ಕೆಟ್ಟ ಚಿತ್ರಗಳಿಂದ ಕಾಪಾಡುವುದೇ ಆಗಿತ್ತು. ಯಾವುದನ್ನು ನೋಡಬಾರದು ಎಂಬ ಪ್ರಶ್ನೆಯಲ್ಲೇ ನಿಂತವರಿಗೆ, ನೋಡಿದ ಮೇಲೆ ಏನಾಗಬೇಕು ಎಂಬ ಪ್ರಶ್ನೆ ಹುಟ್ಟುವುದಿಲ್ಲ.

ಧರ್ಮಸಭೆಗಳು ಬೇರೊಂದು ದಾರಿಯನ್ನೂ ಹಿಡಿದಿವೆ. ಕಾನ್ ಚಲನಚಿತ್ರೋತ್ಸವದಲ್ಲಿ 1974ರಿಂದ ಕಥೋಲಿಕರೂ ಪ್ರೊಟೆಸ್ಟೆಂಟರೂ ಕೂಡಿದ ಎಕ್ಯುಮೆನಿಕಲ್ ತೀರ್ಪುಗಾರರ ಮಂಡಳಿಯೊಂದು ತನ್ನದೇ ಪ್ರಶಸ್ತಿಯನ್ನು ನೀಡುತ್ತ ಬಂದಿದೆ. ಮೊದಲ ವರ್ಷವೇ ಅದು ಆಯ್ದದ್ದು ಜರ್ಮನಿಯ ಫಾಸ್‌ಬಿಂಡರ್ ಅವರ 'ಅಲಿ: ಫಿಯರ್ ಈಟ್ಸ್ ದ ಸೋಲ್' ಚಿತ್ರವನ್ನು. ಕಸಗುಡಿಸಿ ಬದುಕುವ ವಯಸ್ಸಾದ ವಿಧವೆಯೊಬ್ಬಳು ಮೊರಾಕ್ಕೊದಿಂದ ಬಂದ ಕಾರ್ಮಿಕನನ್ನು ಮದುವೆಯಾಗುತ್ತಾಳೆ. ಮಕ್ಕಳೂ ನೆರೆಹೊರೆಯವರೂ ಅವಳನ್ನು ದೂರವಿಡುತ್ತಾರೆ. ಇದು ಭಕ್ತಿಚಿತ್ರವಲ್ಲ. ಚಿತ್ರದಲ್ಲಿ ದೇವರ ಹೆಸರು ಬಂದಿದೆಯೇ ಎಂದು ಕೇಳದೆ, ಯಾರ ಮುಖವನ್ನು ಅದು ನಮಗೆ ತೋರಿಸುತ್ತದೆ ಎಂದು ಆ ಮಂಡಳಿ ಕೇಳಿತೆಂದು ಈ ಆಯ್ಕೆಯನ್ನು ಓದಬಹುದು.

ಈ ಮಾನದಂಡವನ್ನು ಕನ್ನಡದ ಚಿತ್ರವೊಂದಕ್ಕೆ ಅನ್ವಯಿಸೋಣ. ಗಿರೀಶ್ ಕಾಸರವಳ್ಳಿಯವರ ಮೊದಲ ಕಥಾಚಿತ್ರ 'ಘಟಶ್ರಾದ್ಧ' 1977ರ ಸ್ವರ್ಣಕಮಲ ಪಡೆಯಿತು. ಪುನರುಜ್ಜೀವನಗೊಂಡ ಅದರ ಪ್ರತಿ 2024ರಲ್ಲಿ ವೆನಿಸ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆಕಂಡಿತು. ಯು.ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ಈ ಚಿತ್ರದಲ್ಲಿ ಉಡುಪರು ವೇದಪಾಠಶಾಲೆ ನಡೆಸುವವರು. ಅವರ ವಿಧವೆ ಮಗಳು ಯಮುನಾ ಗರ್ಭಿಣಿಯಾಗುತ್ತಾಳೆ. ಬದುಕಿರುವ ಮಗಳಿಗೆ ತಂದೆ ಶ್ರಾದ್ಧ ಮಾಡಿ ಅವಳನ್ನು ಹೊರಗಿಡುತ್ತಾನೆ. ಅವಳ ಆಸರೆಯಲ್ಲಿದ್ದ ನಾಣಿ ಎಂಬ ಪುಟ್ಟ ವಿದ್ಯಾರ್ಥಿ ಇದಕ್ಕೆಲ್ಲ ಸಾಕ್ಷಿ.

ಕ್ರೈಸ್ತ ಪ್ರೇಕ್ಷಕನಿಗೆ ಇಲ್ಲೊಂದು ಸುಲಭದ ಪ್ರಲೋಭನೆಯಿದೆ. ಇದು ಬೇರೊಂದು ಸಮುದಾಯದ ಕ್ರೌರ್ಯದ ಕಥೆ ಎಂದು ತಿಳಿದು ನೆಮ್ಮದಿಯಿಂದ ಎದ್ದುಬರಬಹುದು. ಆದರೆ ಚಿತ್ರ ನಡೆಯುವ ಮನೆಯನ್ನು ಗಮನಿಸಬೇಕು: ಅದು ಶಾಸ್ತ್ರ ಕಲಿಸುವ ಮನೆ, ಮುಂದಿನ ಪುರೋಹಿತರನ್ನು ರೂಪಿಸುವ ಮನೆ. ನಮ್ಮ ಗುರುಮಠಗಳೂ ಅಂಥವೇ. ಬಹಿಷ್ಕಾರದ ವಿಧಿಯನ್ನು ಅಲ್ಲಿ ಯಾವ ಪಾಠವೂ ತಡೆಯಲಿಲ್ಲ. ಮಂತ್ರ ಬಲ್ಲವರೇ ಅದನ್ನು ನಡೆಸಿದರು. ದಲಿತ ಕ್ರೈಸ್ತರಿಗೆ ಬೇರೆ ಆಸನಸಾಲು, ಬೇರೆ ಸಮಾಧಿಭೂಮಿ ಇಟ್ಟ ಚರಿತ್ರೆ ನಮ್ಮ ದೇಶದ ಧರ್ಮಸಭೆಗಳಿಗೂ ಇದೆ. ಅಲ್ಲಿಯೂ ಶುಭಸಂದೇಶ ಬಲ್ಲವರೇ ಇದ್ದರು.

ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಗಾಯಗೊಂಡವನನ್ನು ಯಾಜಕನೂ ಕಂಡನು, ಲೇವಿಯನೂ ಕಂಡನು, ಸಮಾರಿಯದವನೂ ಕಂಡನು. ಮೂವರ ನೋಟವೂ ಒಂದೇ. ಆ ನೋಟ ಒಬ್ಬನಲ್ಲಿ ಮಾತ್ರ ಕರುಣೆಯಾಗಿ ಅವನನ್ನು ಗಾಯಾಳುವಿನ ಬಳಿಗೆ ಕರೆದೊಯ್ದಿತು. ಬಡವರ, ಬಹಿಷ್ಕೃತರ ಚಿತ್ರಗಳನ್ನು ತಂಪಾದ ಮಾಲ್‌ನಲ್ಲಿ ಕುಳಿತು ನೋಡುವ ಉತ್ಸವಕ್ಕೂ ಇದೇ ಅಪಾಯವಿದೆ: ಚಪ್ಪಾಳೆ ತಟ್ಟಿ ಮಗ್ಗುಲಾಗಿ ಹಾದುಹೋಗುವುದು. ಇದು ಸಿನಿಮಾದ ಸೋಲಲ್ಲ. ಸಿನಿಮಾ ತೋರಿಸಬಲ್ಲದು, ಹತ್ತಿರ ಹೋಗುವ ಕೆಲಸ ಕಂಡವರದು.

ಆದುದರಿಂದ ಬೆಂಗಳೂರಿನ ಗುರುಮಠಗಳು ಉತ್ಸವದಲ್ಲಿ ಕ್ರೈಸ್ತ ಪ್ರಶಸ್ತಿಯೊಂದನ್ನು ಕೇಳುವ ಮುನ್ನ ಇನ್ನೂ ಸಣ್ಣ ಕೆಲಸವೊಂದನ್ನು ಮಾಡಬಹುದು. ಕನ್ನಡ ಸ್ಪರ್ಧೆಯ ಚಿತ್ರಗಳನ್ನು ವಿದ್ಯಾರ್ಥಿಗಳು ಗುಂಪಾಗಿ ನೋಡಲಿ. ನೋಡಿದ ಮೇಲೆ ನಟನೆ, ಛಾಯಾಗ್ರಹಣಗಳ ಚರ್ಚೆಯ ಜೊತೆಗೆ ಇನ್ನೊಂದು ಪ್ರಶ್ನೆಗೂ ಉತ್ತರ ಬರೆಯಲಿ: ಈ ಚಿತ್ರದಲ್ಲಿ ಹೊರಗೆ ನಿಂತ ವ್ಯಕ್ತಿ ಬರುವ ಭಾನುವಾರ ನಮ್ಮ ದೇವಾಲಯಕ್ಕೆ ಬಂದರೆ ಎಲ್ಲಿ ಕೂರುತ್ತಾಳೆ? ಆ ಉತ್ತರಗಳನ್ನು ಬೋಧನಾಶಾಸ್ತ್ರದ ತರಗತಿಯಲ್ಲಿ ಓದಿದರೆ, ಪೀಠದಿಂದ ನಾವು ಆಡುವ ಮಾತಿಗೂ ಅದು ಪರೀಕ್ಷೆಯಾದೀತು.